ಓದುಗರ ಪ್ರಶ್ನೆ: ಚರ್ಚಿಗೆ ಹೋಗುವವರು ‘ಹಿಂದೂ’ ಎಂದು ಬರೆಸಿದರೆ?

ಪ್ರಶ್ನೆ: ಎಂ.ಎ. ಸಮಾಜಶಾಸ್ತ್ರದ ಪ್ರಬಂಧಕ್ಕಾಗಿ ಬೀದರ್ ಸುತ್ತಲಿನ ಹಳ್ಳಿಗಳ ಕ್ರೈಸ್ತ ಕುಟುಂಬಗಳ ಸಮೀಕ್ಷೆ ನಡೆಸುತ್ತಿದ್ದೇನೆ. ಭಾನುವಾರ ಚರ್ಚಿನಲ್ಲಿ ಕಂಡವರೇ ಮನೆಗೆ ಹೋಗಿ ಕೇಳಿದರೆ “ಹಿಂದೂ ಅಂತ ಬರಕೋರಿ” ಅನ್ನುತ್ತಾರೆ. ಇಂಥ ಫಾರಂಗಳನ್ನು ತೆಗೆದುಹಾಕಲೇ?
- ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಒಂದನ್ನೂ ತೆಗೆಯಬೇಡಿ. ನಿಮ್ಮ ಪ್ರಬಂಧದ ತಿರುಳೇ ಆ ಉತ್ತರದಲ್ಲಿದೆ. ಅವರು ಸುಳ್ಳು ಹೇಳುತ್ತಿಲ್ಲ. ನೀವು ಒಂದೇ ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಕೇಳಿದ್ದೀರಿ: ದಾಖಲೆಯಲ್ಲಿರುವ ಧರ್ಮ, ನಂಬಿಕೆ, ಆಚರಣೆ, ತಾವು ಯಾರವರು ಎಂಬ ಭಾವ. ಮನೆಯವರು ಅದರಲ್ಲಿ ಮೊದಲನೆಯದಕ್ಕೆ ಉತ್ತರ ಕೊಟ್ಟಿದ್ದಾರೆ.

ಕಾರಣ ಕಾನೂನಿನಲ್ಲಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಂಡಿಕೆಯಂತೆ ಹಿಂದೂಗಳಿಗಷ್ಟೇ ಆ ಸ್ಥಾನವಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ದಲಿತ ಕುಟುಂಬವೊಂದು ಕ್ರೈಸ್ತವೆಂದು ಬರೆಸಿದರೆ ಪರಿಶಿಷ್ಟ ಜಾತಿಯವರಿಗೆಂದು ಇರುವ ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲ್ಲು, ನೌಕರಿ ಮೀಸಲಾತಿ ಎಲ್ಲಕ್ಕೂ ಕುತ್ತು. ಆದ್ದರಿಂದ ಅಪರಿಚಿತರು ಫಾರಂ ಹಿಡಿದು ಬಂದರೆ ಜನ ದಾಖಲೆಯ ಉತ್ತರವನ್ನೇ ಕೊಡುತ್ತಾರೆ. ಜನಗಣತಿಯ ಅಂಕಿಗಳನ್ನು ಓದುವಾಗಲೂ ಇದು ನೆನಪಿರಲಿ. ಕರ್ನಾಟಕದಲ್ಲಿ ಬೌದ್ಧರ ಸಂಖ್ಯೆ 2001ರಲ್ಲಿ ಸುಮಾರು 3.93 ಲಕ್ಷ ಇದ್ದದ್ದು 2011ರಲ್ಲಿ ಸುಮಾರು 95 ಸಾವಿರಕ್ಕೆ ಇಳಿಯಿತು. ಅಷ್ಟು ಜನ ಬುದ್ಧನನ್ನು ಬಿಟ್ಟರು ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ. ಗಣತಿಯವರು ಹೇಗೆ ಕೇಳಿದರು, ಮನೆಯಲ್ಲಿ ಯಾರು ಉತ್ತರಿಸಿದರು ಎಂಬುದೂ ಆ ಸಂಖ್ಯೆಯೊಳಗೆ ಸೇರಿದೆ.

ಹಾಗಾದರೆ ಕೇಳುವುದು ಹೇಗೆ? ‘ಧರ್ಮ’ ಎಂಬ ಖಾನೆಯನ್ನು ಫಾರಂನ ಕೊನೆಗೆ ತಳ್ಳಿ. ಮೊದಲು ನಡೆದ ಸಂಗತಿಗಳನ್ನು ಕೇಳಿ: ಮಗುವಿಗೆ ಹೆಸರಿಟ್ಟವರು ಯಾರು? ದೀಕ್ಷಾಸ್ನಾನ ಆಯಿತೇ, ಎಲ್ಲಿ? ಮದುವೆ ನಡೆಸಿದವರು ಪಾಸ್ಟರೋ, ಅಯ್ಯನವರೋ, ಇಬ್ಬರೂನೋ? ಮನೆಯಲ್ಲಿ ಕೊನೆಯದಾಗಿ ತೀರಿಕೊಂಡವರ ಮಣ್ಣು ಎಲ್ಲಿ ಆಯಿತು? ಹುಟ್ಟು, ಮದುವೆ, ಸಾವು, ಈ ಮೂರರ ಉತ್ತರ ಹೊಂದಿ ಬಂದರೆ ಕುಟುಂಬ ಯಾವ ಸಮುದಾಯದಲ್ಲಿ ಬದುಕುತ್ತಿದೆ ಎಂಬುದು ಹೆಚ್ಚೂಕಡಿಮೆ ಗೊತ್ತಾಗುತ್ತದೆ. ಮೂರೂ ಬೇರೆ ಬೇರೆ ದಿಕ್ಕಿಗೆ ಹೋದರೆ ಅಲ್ಲಿ ಇನ್ನಷ್ಟು ಹೊತ್ತು ಕೂರಿ, ಪ್ರಬಂಧದ ಒಳ್ಳೆಯ ಅಧ್ಯಾಯ ಅಂಥ ಮನೆಗಳಿಂದ ಬರುತ್ತದೆ.

“ಚರ್ಚಿಗೆ ಹೋಗ್ತೀರಾ?” ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. “ಹೋದ ಭಾನುವಾರ ಮುಂಜಾನೆ ಎಲ್ಲಿದ್ರಿ?” ಎಂದರೆ ನಿಜ ಹೊರಬರುತ್ತದೆ. ಪಾಸ್ಟರ್ ಅವರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗುವುದು ಇನ್ನೊಂದು ತಪ್ಪು. ಅವರೆದುರು ಭಕ್ತಿ ಹೆಚ್ಚುತ್ತದೆ, ಊರ ಗೌಡರೆದುರು ಕಡಿಮೆಯಾಗುತ್ತದೆ. ಸೊಸೆಯಂದಿರ ಉತ್ತರ ಅತ್ತೆ ಇಲ್ಲದಾಗ ಬೇಕು. ಅದಕ್ಕೆ ಹೆಣ್ಣುಮಕ್ಕಳೇ ಹೋಗಿ ಕೂತು ಕೇಳಬೇಕು. ಬೀದರ್ ಭಾಗದಲ್ಲಿ ಕನ್ನಡದ ಫಾರಂ ಒಂದೇ ಸಾಲದು. ಮರಾಠಿ, ದಖನಿ ಉರ್ದು, ತೆಲುಗು ಆಡುವ ಮನೆಗಳಿಗೆ ಅನುವಾದ ಮಾಡಿಸಿ, ಬೇರೊಬ್ಬರಿಂದ ಮತ್ತೆ ಕನ್ನಡಕ್ಕೆ ತರಿಸಿ, ಅರ್ಥ ಜಾರಿದೆಯೇ ನೋಡಿ. ಮೊದಲು 20-25 ಮನೆಗಳಲ್ಲಿ ಪರೀಕ್ಷಿಸಿದ ಮೇಲೆಯೇ ಫಾರಂ ಅಚ್ಚಿಗೆ ಕೊಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೆಸರು, ಜಾತಿ, ಚರ್ಚು ಮೂರೂ ಒಂದೇ ಹಾಳೆಯಲ್ಲಿ ಇರಕೂಡದು. ಫಾರಂಗೆ ಸಂಖ್ಯೆ ಮಾತ್ರ ಕೊಡಿ. ಸಂಖ್ಯೆಗೂ ಮನೆಗೂ ಇರುವ ಕೊಂಡಿಯನ್ನು ಬೇರೆ ಪುಸ್ತಕದಲ್ಲಿಟ್ಟು ಬೀಗ ಹಾಕಿ, ಕೆಲಸ ಮುಗಿದ ಕೂಡಲೇ ನಾಶಮಾಡಿ. ಜಾತಿ ಪ್ರಮಾಣಪತ್ರ ಕೇಳಲೂಬೇಡಿ, ಫೋಟೊ ತೆಗೆಯಲೂಬೇಡಿ. ಪ್ರಬಂಧದಲ್ಲಿ ಊರಿನ ಹೆಸರನ್ನೂ ಬದಲಿಸಿ. ಹತ್ತೇ ಮನೆ ಇರುವ ಓಣಿ ಹೆಸರಿಲ್ಲದಿದ್ದರೂ ಗುರುತು ಸಿಗುತ್ತದೆ. ನಿಮ್ಮ ಒಂದು ಕೋಷ್ಟಕದಿಂದ ಯಾರದೋ ಮಗಳ ಸೀಟು ಹೋಗಬಾರದು.

ಪ್ರಶ್ನೆ: ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನಿಗೆ ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ಪೀರಲ ಹಬ್ಬದಲ್ಲಿ (ಮೊಹರಂ) ಅಲಾಯಿ ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚು. ಇವರನ್ನು ಯಾವ ಧರ್ಮದ ಲೆಕ್ಕಕ್ಕೆ ಹಿಡಿಯಬೇಕು?
- ಉಪನ್ಯಾಸಕರು, ಸುರಪುರ

ಉತ್ತರ: ಅವರು ತಾವೇ ಹೇಳಿಕೊಳ್ಳುವ ಧರ್ಮಕ್ಕೆ. ಆದರೆ ಆಚರಣೆಗೆ ಪ್ರತ್ಯೇಕ ಖಾನೆ ಇರಲಿ. ಬೀದರ್ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ (ಆಳ್ವಿಕೆ 1422-1436) ಸಮಾಧಿಯಿದೆ. ಮುಸ್ಲಿಮರಿಗೆ ಅವನು ವಲಿ (ಸಂತ), ಅನೇಕ ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಆಳಂದ ತಾಲೂಕಿನ ಮಾಡ್ಯಾಳದ ಜಂಗಮರು ಬಂದು ಸಮಾಧಿಯ ಹತ್ತಿರ ಶಂಖ ಊದಿ, ಕಾಯಿ ಒಡೆದು, ಹೂವು ಏರಿಸುತ್ತಾರೆ. ಅಲ್ಲಿ ನಿಂತ ಯಾರಿಗೂ ಧರ್ಮ ಬದಲಾದ ಭಾವವಿಲ್ಲ. ‘ಸಮನ್ವಯ’ ಎಂದು ಬರೆದು ಮುಗಿಸಿಬಿಡುವ ಅಭ್ಯಾಸ ನಮ್ಮಲ್ಲಿದೆ, ಅದು ಸಾಲದು. ಶಂಖ ಊದುವ ಹಕ್ಕು ಯಾವ ಮನೆತನದ್ದು, ಕಾಣಿಕೆ ಯಾರಿಗೆ ಸೇರುತ್ತದೆ, ಅಲಾಯಿ ಕುಣಿ (ಬೆಂಕಿಯ ಗುಂಡಿ) ತೋಡುವವರು ಯಾವ ಓಣಿಯವರು, ದೇವರು ಹೊರುವವರು ಯಾರು, ದೂರ ನಿಲ್ಲುವವರು ಯಾರು ಎಂಬುದನ್ನು ಬರೆದುಕೊಳ್ಳಿ. ಒಟ್ಟಿಗೆ ಕುಣಿದವರು ಒಟ್ಟಿಗೆ ಕೂತು ಉಣ್ಣುತ್ತಾರೆಯೇ ಎಂಬುದು ಬೇರೆಯದೇ ಪ್ರಶ್ನೆ.

ಇದು ನಮ್ಮೊಬ್ಬರ ಗೊಂದಲವಲ್ಲ. ಚೀನಾದ ಧರ್ಮವನ್ನು ಅಧ್ಯಯನ ಮಾಡಿದ ಸಿ.ಕೆ. ಯಾಂಗ್ 1961ರಲ್ಲೇ ಎರಡು ಬಗೆ ಗುರುತಿಸಿದರು: ಸದಸ್ಯತ್ವ, ಗುರು, ಸಂಸ್ಥೆ ಇರುವ ಧರ್ಮ ಒಂದು, ಮನೆ, ಕುಲ, ಊರಿನ ಬದುಕಿನೊಳಗೇ ಹರಡಿಕೊಂಡ ಧರ್ಮ ಇನ್ನೊಂದು. ಜಪಾನಿನಲ್ಲಿ ಶಿಂಟೊ ಮತ್ತು ಬೌದ್ಧ ಸಂಸ್ಥೆಗಳು ಕೊಡುವ ಅನುಯಾಯಿಗಳ ಲೆಕ್ಕ ಕೂಡಿಸಿದರೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ.

ಪ್ರಶ್ನೆ: ಎಷ್ಟು ಜನರನ್ನು ಕೇಳಿದರೆ ಸಾಕು?
- ಓದುಗರು, ಹುಮನಾಬಾದ್

ಉತ್ತರ: ಶೇ. 95 ವಿಶ್ವಾಸ, ಶೇ. 5 ತಪ್ಪಿನ ಅಂತರಕ್ಕೆ, ಅಂದರೆ ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ ಉತ್ತರ ನಿಜಸಂಗತಿಯಿಂದ ಶೇ. 5ರೊಳಗೇ ಆಚೀಚೆ ಇರಬೇಕೆಂದರೆ, ದೊಡ್ಡ ಜನಸಂಖ್ಯೆಯಲ್ಲಿ 384 ಜನ. ಒಟ್ಟು 300 ಮನೆಗಳೇ ಇದ್ದರೆ 169 ಸಾಕು. ಆದರೆ ಕೆಲವೇ ಹಳ್ಳಿ ಆರಿಸಿಕೊಂಡು ಅಲ್ಲಷ್ಟೇ ಕೇಳಿದರೆ ಒಂದೇ ಊರಿನವರ ಉತ್ತರ ಒಂದೇ ಥರ ಇರುವುದರಿಂದ 384ನ್ನು ಒಂದೂವರೆ ಪಟ್ಟು, ಅಂದರೆ 576ಕ್ಕೆ ಏರಿಸುವುದು ಕ್ಷೇಮ. ಮೆಥಡಿಸ್ಟ್, ಕ್ಯಾಥೊಲಿಕ್, ಸ್ವತಂತ್ರ ಸಭೆಗಳನ್ನು ಹೋಲಿಸಬೇಕೆಂದರೆ ಪ್ರತಿ ಗುಂಪಿಗೂ ಸಾಕಷ್ಟು ಜನ ಬೇಕು. ಗುಂಪಿಗೆ ನೂರು ಜನರಾದರೆ ತಪ್ಪಿನ ಅಂತರ ಶೇ. 10ರ ಹತ್ತಿರ ಹೋಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಗುಳೆ ಹೋದವರ ಮನೆಗೆ ಬೀಗ ಇರುತ್ತದೆ. ಪಕ್ಕದ ಮನೆ ಹಿಡಿದು ಸಂಖ್ಯೆ ತುಂಬಿಸಬೇಡಿ, ಬಡವರೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಮೂರು ಸಲ ಹೋಗಿ, ಒಂದು ಸಲವಾದರೂ ಸಂಜೆ.

ಪ್ರಶ್ನೆ: ಬೀದರ್ ಕ್ರೈಸ್ತರನ್ನು ದಕ್ಷಿಣ ಕೊರಿಯಾದವರ ಜೊತೆ ಹೋಲಿಸಬಹುದೇ?
- ವಿದ್ಯಾರ್ಥಿ, ಭಾಲ್ಕಿ

ಉತ್ತರ: ಶೇಕಡಾವಾರು ಹೋಲಿಕೆ ಬೇಡ. ಕೊರಿಯಾದ 2015ರ ಗಣತಿಯಲ್ಲಿ ಶೇ. 56.1 ಜನ ತಮಗೆ ಧರ್ಮವಿಲ್ಲ ಎಂದರು, ಪ್ರಾಟೆಸ್ಟಂಟರು ಶೇ. 19.7, ಕ್ಯಾಥೊಲಿಕರು ಶೇ. 7.9. ಯಾವ ಧರ್ಮ ಹೇಳಿದರೂ ಅಲ್ಲಿ ನಮ್ಮಲ್ಲಿನಂತೆ ಮೀಸಲಾತಿ ಕಳೆದುಕೊಳ್ಳುವ ಭಯವಿಲ್ಲ. ಕ್ರೈಸ್ತ ಧರ್ಮ ಸೇರಿದ ಬಗೆಯನ್ನು ಹೋಲಿಸಿ, ಅದು ಫಲ ಕೊಡುತ್ತದೆ. ನಮ್ಮ ಭಾಗದಲ್ಲಿ ದಲಿತ ಓಣಿಗಳು ಕುಟುಂಬ ಕುಟುಂಬವಾಗಿ, ನೆಂಟರ ಜೊತೆ ಸೇರಿದವು. ಇಂಥ ಗುಂಪು ಸೇರ್ಪಡೆಯನ್ನು ಮೆಥಡಿಸ್ಟ್ ಮಿಷನರಿ ಜೆ. ವಾಸ್ಕಮ್ ಪಿಕೆಟ್ 1933ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿವರಿಸಿದ್ದಾರೆ. ನಮಗೆ ಹತ್ತಿರದ, ಈಗ ತೆಲಂಗಾಣದಲ್ಲಿರುವ ವಿಕಾರಾಬಾದ್ ಅವರು ಆರಿಸಿಕೊಂಡ ಪ್ರದೇಶಗಳಲ್ಲೊಂದು, ನಿಮ್ಮ ಓದನ್ನು ಅಲ್ಲಿಂದ ಶುರುಮಾಡಿ.