‘ಹೇಳಿದ್ರೆ ಮಾಡ್ತಾರೆ, ಹೇಳೋದೇ ನನ್ನ ಕೆಲಸ’

ಸುಮಾ (ಹೆಸರು, ಕೆಲವು ವಿವರ ಬದಲಿಸಿದೆ), 39 ವರ್ಷ, ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಮನೆಯಲ್ಲಿ ಗಂಡ, 8 ಮತ್ತು 13 ವರ್ಷದ ಗಂಡುಮಕ್ಕಳು, ಸಕ್ಕರೆ ಕಾಯಿಲೆಯ ಅತ್ತೆ. ನಮ್ಮಲ್ಲಿಗೆ ಸಲಹೆಗೆ ಬಂದಾಗ ಹೇಳಿದ ದೂರು: “ಹೊತ್ತೇ ಸಾಲಲ್ಲ ಮೇಡಂ. ಮಲಗಿದ್ರೂ ತಲೆ ಓಡ್ತಾನೇ ಇರುತ್ತೆ.”

ಬರುವಾಗಲೇ ಒಂದು ವೇಳಾಪಟ್ಟಿ ತಂದಿದ್ದರು. ಬೆಳಿಗ್ಗೆ 4.30ರಿಂದ ರಾತ್ರಿ 11ರವರೆಗೆ ಕಾಲು ಗಂಟೆಗೊಂದು ಗೆರೆ ಎಳೆದು, ಫ್ರಿಜ್ಜಿಗೆ ಅಂಟಿಸಿದ್ದ ಹಾಳೆ. ನಾಲ್ಕು ದಿನ ಬಾಳಿತಂತೆ. ಐದನೇ ದಿನ ಐದಕ್ಕೆ ಬರಬೇಕಾದ ನಲ್ಲಿ ನೀರು ಆರೂವರೆಗೆ ಬಂತು, ಅಲ್ಲಿಂದ ಇಡೀ ದಿನ ಜಾರಿತು. ಇಂಥ ಪಟ್ಟಿಗಳು ಬೀಳುವುದು ಸೋಮಾರಿತನದಿಂದಲ್ಲ. ಒಂದು ಗೆರೆಯೂ ಖಾಲಿ ಬಿಡದ ಪಟ್ಟಿಯಲ್ಲಿ ತಡವನ್ನು ನುಂಗಿಕೊಳ್ಳಲು ಜಾಗವಿರುವುದಿಲ್ಲ, ಅಷ್ಟೇ.

ಹೊಸ ಪಟ್ಟಿಗೆ ಮೊದಲು ರಕ್ತಪರೀಕ್ಷೆಗೆ ಕಳಿಸಿದೆವು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ 9.6. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದರು. ಇವರು ಅದನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದರು! ಕಾಫಿ, ಚಹಾ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ನಡುವೆ ಒಂದೆರಡು ಗಂಟೆ ಬಿಡಬೇಕು. ನಿದ್ದೆ ಬರೀ ಐದು ಗಂಟೆ. ಈ ಸುಸ್ತಿನ ಮೇಲೆ ಯಾವ ಶಿಸ್ತೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಸಲಹೆ: ಅಲಾರಂ 5.45ಕ್ಕೆ, ನೀರು ಹಿಡಿಯುವುದು ಗಂಡನ ಪಾಲಿಗೆ.

ಆಮೇಲೆ ಮೂರು ದಿನದ ಲೆಕ್ಕ. ಎರಡು ಶಾಲೆಯ ದಿನ, ಒಂದು ಭಾನುವಾರ. ರಾತ್ರಿ ಕೂತು ನೆನಪಿಸಿಕೊಂಡು ಬರೆಯುವಂತಿಲ್ಲ. ಕೆಲಸ ಬದಲಾದ ಕೂಡಲೇ ಗಂಟೆ, ಎದ್ದದ್ದು ಯಾರಿಗಾಗಿ, ಇಷ್ಟನ್ನೇ ಗೀಚುವುದು. ಒಂದು ಸಂಜೆಯ ಪುಟ ಹೀಗಿತ್ತು (ಪೇಪರ್ ಎಂದರೆ ಮಕ್ಕಳ ಉತ್ತರಪತ್ರಿಕೆ, ಸಿಆರ್‌ಪಿ ಎಂದರೆ ಶಿಕ್ಷಣ ಇಲಾಖೆಯ ಸಮೂಹ ಸಂಪನ್ಮೂಲ ವ್ಯಕ್ತಿ): “7.10 ಪೇಪರ್. 7.14 ಅತ್ತೆ ಮಾತ್ರೆ. 7.19 ಪೇಪರ್. 7.22 ಗ್ಯಾಸ್ ಬುಕ್ ಆಯ್ತಾ ಅಂದ್ರು. 7.31 ಸಿಆರ್‌ಪಿ ಗ್ರೂಪ್, ಮಾಹಿತಿ ತುರ್ತು. 7.50 ಪೇಪರ್.” ಆರರಿಂದ ಒಂಬತ್ತರೊಳಗೆ 23 ಸಲ ಎದ್ದಿದ್ದರು. ಹೊತ್ತು ಇರಲಿಲ್ಲ ಎನ್ನುವಂತಿಲ್ಲ, ಅದು ಚೂರುಚೂರಾಗಿತ್ತು.

ಗಂಡನನ್ನೂ ಒಂದು ದಿನ ಕರೆಸಿದೆವು. “ಒಂದು ಮಾತು ಹೇಳಿದ್ರೆ ನಾನು ಮಾಡಲ್ವಾ?” ಎಂದರು. ಸುಳ್ಳಲ್ಲ. “ಹೇಳಿದ್ರೆ ಮಾಡ್ತಾರೆ. ಹೇಳೋದೇ ನನ್ನ ಕೆಲಸ ಆಗಿದೆ” ಎಂದರು ಸುಮಾ. ಪ್ರಕರಣದ ಗಂಟು ಇಲ್ಲೇ ಇತ್ತು. ಮಾತ್ರೆ ಎಷ್ಟು ಉಳಿದಿವೆ, ಸಿಲಿಂಡರ್ ಯಾವಾಗ ಮುಗಿಯುತ್ತೆ, ಫೀಸು ಕಟ್ಟಲು ಕಡೆಯ ದಿನ ಯಾವುದು, ಎಲ್ಲವೂ ಒಂದೇ ತಲೆಯಲ್ಲಿ. ಕೈಕೆಲಸ ಹಂಚಿದರೂ ನೆನಪಿಡುವ ಕೆಲಸ ಹಂಚಿರಲಿಲ್ಲ.

ಹಾಗಾಗಿ ಕೆಲಸವನ್ನು ಬುಡಸಮೇತ ದಾಟಿಸಲು ಹೇಳಿದೆವು. ಗ್ಯಾಸ್ ಎಂದರೆ ಬುಕ್ ಮಾಡುವುದಷ್ಟೇ ಅಲ್ಲ: ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ಬುಕ್ಕಿಂಗು, ದುಡ್ಡು, ಬಂದಾಗ ಮನೆಯಲ್ಲಿ ಒಬ್ಬರಿರುವುದು, ಎಲ್ಲ ಸೇರಿ. ಷರತ್ತು ಒಂದೇ, ಸುಮಾ ನೆನಪಿಸಕೂಡದು. ಇದು ಎಲ್ಲಕ್ಕಿಂತ ಕಷ್ಟದ ಭಾಗ. ಒಮ್ಮೆ ನೆನಪಿಸಿದರೂ ಕೆಲಸ ಹಳೆಯ ಯಜಮಾನಿಗೇ ಮರಳುತ್ತದೆ.

ಇಲ್ಲೊಂದು ತಪ್ಪು ನಮ್ಮ ಕಡೆಯಿಂದಲೂ ಆಯಿತು. ಅತ್ತೆಯ ಮಾತ್ರೆಗಳನ್ನೂ ಮೊದಲ ವಾರವೇ ದಾಟಿಸಿದೆವು. ಎರಡನೇ ವಾರ ಮಾತ್ರೆ ಖಾಲಿಯಾಗುವ ಹಿಂದಿನ ರಾತ್ರಿ ಸುಮಾ ತಾವೇ ಓಡಿಹೋಗಿ ತಂದರು. ತರಲೇಬೇಕಿತ್ತು. ಮರೆತರೆ ಅಪಾಯವಾಗುವ ಕೆಲಸದಲ್ಲಿ ಕಲಿಕೆ ನಡೆಸಬಾರದು. ಮೊದಲು ಗ್ಯಾಸು, ಹಾಲಿನ ಲೆಕ್ಕ, ಇಸ್ತ್ರಿ ಬಟ್ಟೆಯಂಥವು. ಔಷಧಿ ಒಂದು ತಿಂಗಳ ನಂತರ, ಅದೂ ಏಳು ದಿನದ ಮಾತ್ರೆ ಡಬ್ಬಿ ಮತ್ತು ‘ಹತ್ತು ದಿನದ್ದು ಉಳಿದಾಗ ತರುವುದು’ ಎಂಬ ನಿಯಮದೊಂದಿಗೆ.

ಉತ್ತರಪತ್ರಿಕೆಯದು ಬೇರೆ ಕಥೆ. 42 ಪತ್ರಿಕೆ “ಒಂದು ಭಾನುವಾರದ ಕೆಲಸ” ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದರು. ಗಡಿಯಾರ ಇಟ್ಟು ನೋಡಿದರೆ ಒಂದಕ್ಕೆ ಆರು ನಿಮಿಷ, ಒಟ್ಟು 4 ಗಂಟೆ 12 ನಿಮಿಷ. ಬೇಕಾದ ಹೊತ್ತನ್ನು ಹೀಗೆ ಕಡಿಮೆ ಅಂದಾಜು ಮಾಡುವುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್, ಆಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟಿದ್ದಾರೆ. ಮದ್ದು ಸರಳ: ಈ ಸಲದ ಅಂದಾಜನ್ನು ನಂಬದೆ ಹೋದ ಸಲ ನಿಜಕ್ಕೂ ಹಿಡಿದ ಹೊತ್ತನ್ನು ಬರೆದುಕೊಳ್ಳುವುದು. 14ರ ಮೂರು ಕಟ್ಟು ಮಾಡಿ, ದಿನಕ್ಕೊಂದು ಕಟ್ಟು, ಪತ್ರಿಕೆವಾರು ಅಲ್ಲ, ಪ್ರಶ್ನೆವಾರು. ಹದಿನಾಲ್ಕರಲ್ಲೂ ಒಂದೇ ಪ್ರಶ್ನೆ ತಿದ್ದಿದರೆ ಉತ್ತರ ತಲೆಯಲ್ಲಿ ನಿಂತಿರುತ್ತದೆ. ಕೈ ಓಡುತ್ತದೆ, ಅಂಕವೂ ಏರುಪೇರಾಗುವುದಿಲ್ಲ. 7ರಿಂದ 8.15 ಬಾಗಿಲು ಹಾಕಿಕೊಂಡು. ಗ್ರೂಪುಗಳ ಸದ್ದು ಬಂದ್, ನಿಜವಾದ ತುರ್ತಿದ್ದರೆ ಫೋನ್ ಮಾಡಿ ಎಂದು ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ.

“ಗಂಡುಹುಡುಗನ ಕೈಲಿ ಸೊಪ್ಪು ಬಿಡಿಸ್ತೀಯಾ” ಎಂದು ಅತ್ತೆ ಎರಡು ವಾರ ಮುನಿಸಿಕೊಂಡರು. ಈಗ ಮೊಮ್ಮಗನ ಪಕ್ಕ ತಾವೂ ಕೂತು ಬಿಡಿಸುತ್ತಾರೆ.

ಎರಡು ತಿಂಗಳ ನಂತರ ಅದೇ ಲೆಕ್ಕ ಮತ್ತೆ ಬರೆಸಿದಾಗ ಸಂಜೆ ಎದ್ದದ್ದು 9 ಸಲ. ನಿದ್ದೆ ಆರೂಮುಕ್ಕಾಲು ಗಂಟೆ. ಭಾನುವಾರ ಮಾತ್ರ ಇನ್ನೂ ಹಾಗೇ ಇದೆ. ಮುಂದೆ ಎಸ್‌ಎ-1 (ಅರ್ಧವಾರ್ಷಿಕ ಪರೀಕ್ಷೆ) ಅಂಕ ತುಂಬುವ ವಾರ ಬರುತ್ತದೆ. ಆ ವಾರಕ್ಕೆ ಹೊಸ ಕೆಲಸ ಸೇರಿಸದೆ, ಯಾವುದನ್ನು ಬಿಡುವುದೆಂದು ಈಗಲೇ ನಿರ್ಧರಿಸಲು ಹೇಳಿದೆವು. ಕ್ಯಾಲೆಂಡರಿನಲ್ಲಿ ಗಂಡನ ಕೈಬರಹದಲ್ಲಿದೆ: “ಸೋಮ–ಶುಕ್ರ, ರೊಟ್ಟಿ ಖಾನಾವಳಿಯಿಂದ.”