ದಾವಣಗೆರೆಯಲ್ಲಿ ನಮ್ಮದು ಸಣ್ಣ ಕಂಪನಿ. ಎಲ್ಲರೂ ಸೇರಿ ಸೇವಾ ಕೆಲಸ ಮಾಡಿದರೆ ಸಿಬ್ಬಂದಿಯಲ್ಲಿ ಒಗ್ಗಟ್ಟು ಬೆಳೆಯುತ್ತದೆಯೇ?

ಬೆಳೆಯುತ್ತದೆ, ಆದರೆ ಭಾನುವಾರ ಕರೆದರೆ ಇಲ್ಲ. ರಜೆ ಕಿತ್ತುಕೊಂಡು ಮಾಡಿಸಿದ ಸೇವೆ ಬಿಟ್ಟಿ ಚಾಕರಿ ಅನಿಸುತ್ತದೆ. ಕೆಲಸದ ದಿನವೇ ಅರ್ಧ ದಿನ ಬಿಡಿ, ಸಂಬಳ ಹಿಡಿಯಬೇಡಿ. ಬರದವರನ್ನು ಸುಮ್ನೆ ಬಿಟ್ಟುಬಿಡಿ.

ಕುಂದವಾಡ ಕೆರೆ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದರಿಂದ ಶುರು ಮಾಡಬಹುದು. ಮೊದಲೇ ಪಾಲಿಕೆಗೆ ತಿಳಿಸಿ, ಇಲ್ಲಾಂದ್ರೆ ತುಂಬಿದ ಚೀಲಗಳು ಅಲ್ಲೇ ಬಿದ್ದಿರುತ್ತವೆ. ಜೋಡಿ ಮಾಡುವಾಗ ಅಕೌಂಟ್ಸ್‌ನವರ ಜೊತೆ ಗೋಡೌನ್ ಹುಡುಗರನ್ನು ಹಾಕಿ. ಮ್ಯಾನೇಜರ್ ಚೀಲದ ಬಾಯಿ ಅಗಲಿಸಿ ಹಿಡಿಯಲಿ, ಹುಡುಗ ಕಸ ತುಂಬಲಿ. ಮಾತು ತಾನಾಗೇ ಬರುತ್ತದೆ. ಆಮೇಲಿನ ಬೆಣ್ಣೆ ದೋಸೆ ಬಿಲ್ ಮಾಲೀಕರದ್ದೇ, ಅಲ್ವಾ?

ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಸೇವೆಗೆ ಖರ್ಚು ಮಾಡಬೇಕೆಂಬ ಕಾನೂನಿನ ಚಿಂತೆ ಬೇಡ. 2013ರ ಕಂಪನಿ ಕಾಯ್ದೆಯ ಆ ನಿಯಮ ಶುರುವಾಗುವುದೇ 5 ಕೋಟಿ ರೂಪಾಯಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟಿನಂಥ ದೊಡ್ಡ ಲೆಕ್ಕದಿಂದ.