ಒಂದು ದಿನ ಮಿಕ್ಕಿದ್ದರೆ ಕೊಂಗೊನ್ಯಾಸ್‌ಗೆ ಹೋಗಿ

ಬ್ರೆಜಿಲ್‌ನ ಔರೊ ಪ್ರೆಟೊದಲ್ಲಿ ಒಂದು ದಿನ ಮಿಕ್ಕಿದೆ, ಬರೀ ಒಂದು ಚರ್ಚ್ ನೋಡಲು ಕೊಂಗೊನ್ಯಾಸ್‌ವರೆಗೆ ಹೋಗಬೇಕಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಊರು ನೋಡಿ ಬೇಜಾರಾಗಬೇಡಿ, ಸುತ್ತ ಕಬ್ಬಿಣದ ಅದಿರಿನ ಗಣಿಗಳೇ. ನೋಡಬೇಕಾದ್ದು ಗುಡ್ಡದ ಮೇಲಿದೆ.

ಬಾಮ್ ಜೀಸಸ್ ಚರ್ಚಿನ ಮೆಟ್ಟಿಲ ಮೇಲೆ ಬೈಬಲ್ಲಿನ 12 ಪ್ರವಾದಿಗಳ ವಿಗ್ರಹಗಳಿವೆ. 1800ರಿಂದ 1805ರೊಳಗೆ ಬ್ರೆಜಿಲ್‌ನ ಶಿಲ್ಪಿ ಅಲೆಜಾದಿನ್ಯೊ ಮತ್ತು ಅವನ ಕೈಕೆಳಗಿನವರು ಕೆತ್ತಿದ್ದು. ಅವನ ತಾಯಿ ಆಫ್ರಿಕಾ ಮೂಲದ ಗುಲಾಮಳು. ಕಾಯಿಲೆಯಿಂದ ಬೆರಳು ಸವೆದು ಹೋಗಿ, ಉಳಿಯನ್ನು ಕೈಗೆ ಕಟ್ಟಿಸಿಕೊಂಡು ಕೆತ್ತುತ್ತಿದ್ದ ಅಂತ ಹೇಳ್ತಾರೆ. ಕಲ್ಲು ಯಾವುದು ಗೊತ್ತಾ? ಬಳಪದ ಕಲ್ಲು, ನಮ್ಮ ಬೇಲೂರು ಹಳೇಬೀಡಿನಲ್ಲಿ ಬಳಸಿದಂಥದ್ದೇ! ಆದರೆ ಅಲ್ಲಿನ ಸೂಕ್ಷ್ಮ ಕುಸುರಿ ಇಲ್ಲಿ ಹುಡುಕಬೇಡಿ, ಇವು ದೂರದಿಂದ ನೋಡಲು ಮಾಡಿದ ಒರಟು, ಗಟ್ಟಿ ಮುಖಗಳು. ಪ್ರವಾದಿ ದಾನಿಯೇಲನ ಕಾಲ ಬಳಿ ಸಿಂಹ ಇದೆ, ಯೋನನ ಹತ್ತಿರ ತಿಮಿಂಗಿಲ, ಸುಮ್ನೆ ದಾಟಿ ಹೋಗಬೇಡಿ.

ಇನ್ನೊಂದು ಮಾತು, ಗುಡ್ಡದ ಕೆಳಗಿನಿಂದಲೇ ನಡೆದು ಹತ್ತಿ. ದಾರಿಯಲ್ಲಿ ಆರು ಪುಟ್ಟ ಚಾಪೆಲ್‌ಗಳಿವೆ (ಪ್ರಾರ್ಥನಾ ಗುಡಿಗಳು), ಒಳಗೆ ಯೇಸುವಿನ ಕೊನೆಯ ಭೋಜನದಿಂದ ಶಿಲುಬೆಯವರೆಗಿನ ಕಥೆ, ಆಳೆತ್ತರದ ಮರದ ಬೊಂಬೆಗಳಲ್ಲಿ. ಟ್ಯಾಕ್ಸಿಯಲ್ಲಿ ನೇರ ಮೇಲೆ ಹೋಗಿ ಇಳಿದರೆ ಕಥೆ ತಲೆಕೆಳಗಾಗುತ್ತೆ, ಅಲ್ವಾ.

ಸೆಪ್ಟೆಂಬರ್‌ನಲ್ಲಿ ಜಾತ್ರೆ. ಹರಕೆ ತೀರಿಸುವ ಜನ ಕಾಣಬೇಕಿದ್ದರೆ ಆಗ ಹೋಗಿ, ವಿಗ್ರಹ ನೋಡುವುದೇ ಮುಖ್ಯವಾದರೆ ಬೇರೆ ತಿಂಗಳು ವಾಸಿ, ಜನ ಜಾಸ್ತಿ ಇರಲ್ಲ.